ಉಳಿದ ಟೇಪು

“ಮಣ್ಣು ಎಷ್ಟೊತ್ಗಂತಣ್ಣ?” ಅಂದ ಮುತ್ತುರಾಜು.

ಜಯಕುಮಾರ್ ಕೈಯಲ್ಲಿದ್ದ ಪ್ಲಾಸ್ಟಿಕ್ ಮುಚ್ಚಳವನ್ನು ಬೆಳಕಿಗೆ ಹಿಡಿದ. ಸೀಳಿರಲಿಲ್ಲ. ಪಾಸು.

“ಇನ್ನೂ ಹೇಳಿಲ್ಲ.”

“ತೀರಾ ಹತ್ರದೋರಾ?”

“ದೂರದೋರು.”

ಅದೇನೂ ಸುಳ್ಳಲ್ಲ. ಸತ್ತವನು ಮೈಕೇಲ್ ಜಾಕ್ಸನ್, ಸತ್ತದ್ದು ಅಮೆರಿಕದಲ್ಲಿ. ಬೆಳಗಿನ ಐದೂವರೆಗೆ ಹಾರೋಹಳ್ಳಿ ಸರ್ಕಲ್ಲಿನ ಟೀ ಅಂಗಡಿಯ ಟೀವಿಯಲ್ಲಿ ಸುದ್ದಿ ಬಂದಾಗ ಜಯಕುಮಾರ್ ಟೀ ಬಿಟ್ಟು ಟೀವಿಯ ಹತ್ತಿರಕ್ಕೇ ಹೋಗಿ ನಿಂತಿದ್ದ. ಸುತ್ತ ನಿಂತವರು “ಪಾಪ, ಒಳ್ಳೆ ಡ್ಯಾನ್ಸ್ ಮಾಡ್ತಿದ್ದ” ಅಂದು, ಲೋಟ ಕೆಳಗಿಟ್ಟು, ಶಿಫ್ಟಿಗೆ ಓಡಿದ್ದರು. ಅಷ್ಟೇ. ಫ್ಯಾಕ್ಟರಿಯ ರಜೆ ಚೀಟಿಯಲ್ಲಿ ಕಾರಣ ಅಂತ ಒಂದು ಖಾನೆ, ಸಂಬಂಧ ಅಂತ ಇನ್ನೊಂದು. ಮೊದಲನೆಯದರಲ್ಲಿ ‘ಸಾವು’ ಅಂತ ಬರೆದ. ಎರಡನೆಯದರಲ್ಲಿ ‘ದೂರದ’ ಅಂತ ಬರೆದು, ಮುಂದೇನು ಬರೆಯಬೇಕೋ ಹೊಳೆಯದೆ ಅಲ್ಲಿಗೇ ಬಿಟ್ಟ.

ಇಂಗ್ಲಿಷ್ ಬಿ.ಎ. ಮಾಡಿಕೊಂಡು ಬಂದು ಮುಚ್ಚಳ ಪರೀಕ್ಷೆ ಮಾಡುವ ಈ ಮೂವತ್ತೆಂಟರ ಮನುಷ್ಯನನ್ನು ಲೈನಿನವರು ಮಾತಾಡಿಸುತ್ತಿದ್ದುದೇ ಅಪರೂಪ. ಅವನೂ ಮೇಲೆ ಬಿದ್ದು ಮಾತಾಡುವ ಪೈಕಿ ಅಲ್ಲ. ಇವತ್ತು ನೋಡಿ, ಸಾವು ಅಂದದ್ದೇ ತಡ, ಒಬ್ಬ ಸ್ಟೂಲು ಎಳೆದುಕೊಟ್ಟ, ಒಬ್ಬಳು ನೀರು ತಂದಳು. ಮುತ್ತುರಾಜು ತನ್ನ ಊಟದ ಡಬ್ಬಿಯನ್ನೇ ಅವನ ಬ್ಯಾಗಿಗೆ ತುರುಕಿದ.

“ಸಾವಿನ್ ಮನೇಲಿ ಒಲೆ ಹಚ್ಚಿರಾಕಿಲ್ಲ. ಬಸ್ಸಲ್ಲೇ ತಿನ್ಕಳಿ. ಅವ್ವ ಮಾಡಿರೋ ಚಿತ್ರಾನ್ನ.”

“ನಿನಗೆ?”

“ನಂದೇನ್ ಬುಡಿ. ಹೋಗ್ಬನ್ನಿ.”

ಹೂಂ ಅಂದ. ಅವನ ಮನಸ್ಸು ಆಗಲೇ ಚನ್ನಪಟ್ಟಣದ ಬಸ್ಸು ಹತ್ತಿಯಾಗಿತ್ತು.

ಚನ್ನಪಟ್ಟಣದಲ್ಲಿ ಸಮದ್ ಇದ್ದ. ಇಪ್ಪತ್ತೊಂದು ವರ್ಷದ ಹಿಂದೆ ಬಸ್ ಸ್ಟ್ಯಾಂಡಿನ ಹಿಂಬದಿ ಅವನದೊಂದು ಕ್ಯಾಸೆಟ್ ಅಂಗಡಿ. ಹಾಡುಗಳ ಪಟ್ಟಿ, ಜೊತೆಗೊಂದು ಖಾಲಿ ಕ್ಯಾಸೆಟ್ ಕೊಟ್ಟು ಬಂದರೆ ಮಾರನೆಯ ಸಂಜೆಗೆ ತುಂಬಿಸಿ ಇಟ್ಟಿರುತ್ತಿದ್ದ. ಜಯಕುಮಾರನ ಅಪ್ಪ ತೀರಿಕೊಂಡಾಗ, ಹನ್ನೊಂದನೇ ದಿನದ ತಿಥಿಗೆ ಅಂತ ತತ್ವಪದ ತುಂಬಿಸಿಕೊಂಡು ಬರಲು ಮನೆಯವರು ಇವನನ್ನೇ ಕಳಿಸಿದ್ದರು. ಹದಿನೇಳು ವರ್ಷ. ಅಪ್ಪ ಹೋಗಿ ಹತ್ತು ದಿನವಾದರೂ ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಎಂಥ ಕಲ್ಲು ಮನಸ್ಸಪ್ಪ ಇವನದು ಅಂತ ನೆಂಟರ ಗುಸುಗುಸು.

ತಿಥಿಯ ದಿನ ಜನ ಪಂಕ್ತಿಯಲ್ಲಿ ಉಣ್ಣುತ್ತಿದ್ದಾಗ ತತ್ವಪದ ಮುಗಿಯಿತು. ಒಂದು ಗಳಿಗೆ ಸುಯ್ ಅನ್ನುವ ಸದ್ದು. ಆಮೇಲೆ ಧಡ್ ಧಡ್ ಅಂತ ಡ್ರಮ್ಮು, ಅದರ ಮೇಲೆ ಎಳೆಯ ಹುಡುಗನದೇನೋ ಅನ್ನುವಂಥ ಗಂಟಲು, ಇಂಗ್ಲಿಷಿನಲ್ಲಿ. ದೊಡ್ಡಪ್ಪ “ಯಾವನ್ಲಾ ಇದ್ನ ಹಾಕ್ದೋನು!” ಅಂತ ಎಂಜಲು ಕೈಯಲ್ಲೇ ಎದ್ದು ಬರುವಷ್ಟರಲ್ಲಿ ಟೇಪು ತೀರಿ, ಹಾಡು ಅರ್ಧಕ್ಕೇ ನಿಂತುಹೋಯಿತು. ಜಯಕುಮಾರ್ ಹಿತ್ತಲಿಗೆ ಓಡಿ ಗೋಳೋ ಅಂತ ಅತ್ತ. ಅತ್ತು ಅತ್ತು ಹಗುರಾದ.

ಸಮದ್ ತನ್ನ ಮುಖ ನೋಡಿಯೇ, ತನಗೆಂದೇ, ಅದನ್ನು ಆರಿಸಿ ಹಾಕಿದ್ದ. ಈ ವಿಷಯದಲ್ಲಿ ಜಯಕುಮಾರನಿಗೆ ಅಂದಿನಿಂದ ಅನುಮಾನವೇ ಇಲ್ಲ. ಕೆಲಸ ಸೋದರಮಾವ ಕೊಡಿಸಿದ್ದು. ಹೆಂಡತಿ ಲತಾಮಣಿಯನ್ನು ಗೊತ್ತುಮಾಡಿದ್ದು ಜಾತಕ. ಯಾರೋ ಒಬ್ಬರು ತನ್ನನ್ನು ಕಣ್ಣಿಟ್ಟು ನೋಡಿ, ಇವನಿಗೆ ಇದು ಬೇಕು ಅಂತ ತಿಳಿದು ಕೊಟ್ಟದ್ದು ಜನ್ಮದಲ್ಲಿ ಅದೊಂದೇ. ಅದು ಮೈಕೇಲ್ ಜಾಕ್ಸನ್ ಹಾಡಿದ್ದು ಅಂತ ಆಮೇಲೆ ತಿಳಿಯಿತು. ಆ ಅರ್ಧ ಹಾಡಿನ ಬೆನ್ನು ಹತ್ತಿ ಇಂಗ್ಲಿಷ್ ಕಲಿತ. ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಬರೆದಿಡುತ್ತ ಬಂದ: ಲಂಡನ್ನಿನ ಮಾಳಿಗೆ ಮೇಲೆ ನಿಂತು ಬೀಟಲ್ಸ್ ಕೊನೆಯ ಸಲ ಹಾಡಿದ್ದು, ಜಾನ್ ಲೆನನ್‌ಗೆ ಮನೆ ಬಾಗಿಲಲ್ಲೇ ಗುಂಡು ಬಿದ್ದದ್ದು, ಆಫ್ರಿಕದ ಹಸಿದವರಿಗೆಂದು ಒಂದೇ ದಿನ ಎರಡು ಖಂಡದಲ್ಲಿ ಹಾಡಿದ್ದು. ಲತಾಮಣಿ ಒಮ್ಮೆ ಅದನ್ನು ತಿರುವಿ ಹಾಕಿ, “ಇವ್ರೆಲ್ಲ ನಿಮ್ಗೆ ಏನಾಗ್ಬೇಕು?” ಅಂದಿದ್ದಳು.

ಸಮದನಿಗೆ ಮಾತ್ರ ಇಷ್ಟು ವರ್ಷ ಥ್ಯಾಂಕ್ಸ್ ಅಂತ ಒಂದು ಮಾತು ಹೇಳಿರಲಿಲ್ಲ. ಸಂಕೋಚ. ಇವತ್ತು ಹೇಳದಿದ್ದರೆ ಇನ್ನು ಹೇಳಿದ ಹಾಗೇ. ಬಸ್ಸಿನಲ್ಲಿ ಕನ್ನಡದಲ್ಲೊಮ್ಮೆ ಇಂಗ್ಲಿಷಿನಲ್ಲೊಮ್ಮೆ ಹೇಳಿಕೊಂಡು ನೋಡಿದ. ರಾಮನಗರ ಬರುವಷ್ಟರಲ್ಲಿ ಮುತ್ತುರಾಜುವಿನ ಡಬ್ಬಿ ಖಾಲಿಯಾಗಿತ್ತು. ರುಚಿ ಹೇಗಿತ್ತು ಅಂದರೆ ಹೇಳಲಾರ.

ಅಂಗಡಿ ಇದ್ದ ಜಾಗದಲ್ಲಿ ಈಗ ಮೊಬೈಲ್ ರೀಚಾರ್ಜ್. ಅಲ್ಲಿಯವರು ಗಲ್ಲಿ ತೋರಿಸಿದರು. ಗಲ್ಲಿಯ ಕೊನೆಯ ಮನೆಯಲ್ಲಿ ಸಮದ್, ಗಡ್ಡ ಪೂರ್ತಿ ನೆರೆತು, ಗರಗರ ತಿರುಗುವ ಮರದ ಬೊಂಬೆಗೆ ಹಳದಿ ಅರಗು ಒತ್ತುತ್ತಿದ್ದ.

“ಸಮದ್ ಭಾಯ್, ನಾನು ಜಯಕುಮಾರ್. ಕ್ಯಾಸೆಟ್ ತುಂಬಿಸ್ಕೊಂಡು ಹೋಗ್ತಿದ್ದೆ. ಜ್ಞಾಪಕ ಇದ್ಯಾ?”

“ಎಷ್ಟೋ ಜನ ಬರೋರು ಸಾಮಿ. ಕೂತ್ಕಳಿ.” ಸಮದ್ ನಗುತ್ತ ಮೋಟರು ನಿಲ್ಲಿಸಿ ಹೆಂಡತಿಯನ್ನು ಕೂಗಿದ. “ಹಫೀಜಾ, ಚಾ!”

“ನಮ್ಮಪ್ಪನ ತಿಥಿಗೆ ತತ್ವಪದ ತುಂಬಿಸಿದ್ರಿ. ಕೊನೇಲಿ ಒಂದು ಇಂಗ್ಲಿಷ್ ಹಾಡು ಹಾಕಿದ್ರಿ.”

“ಅರೆ, ಅದಾ!”

ಜಯಕುಮಾರ್ ಕೂತಲ್ಲೇ ಮುಂದಕ್ಕೆ ಸರಿದ.

“ಅದು ಎಲ್ಲಾರ್ಗೂ ಹಾಕ್ತಿದ್ದೆ ಕಣ್ರೀ. ಕೊನೇಲಿ ಒಸಿ ಟೇಪು ಖಾಲಿ ಉಳುದ್ರೆ ಸಾಕು, ಪೂರ್ತಿ ತುಂಬ್ಸಿಲ್ಲ ಅಂತ ಜಗಳಕ್ಕೆ ಬರೋರು. ಬೆಂಗ್ಳೂರೋನು ಯಾರೋ ಒಂದು ಕ್ಯಾಸೆಟ್ ಬುಟ್ಟೋಗಿದ್ದ. ಉಳಿದ ಟೇಪಿಗೆಲ್ಲ ಅದನ್ನೇ ತುಂಬ್ಸೋದು. ಮದ್ವೆಗೂ ಅದೇ, ತಿಥಿಗೂ ಅದೇ.”

“ಎಲ್ಲರಿಗೂ?”

“ಎಲ್ಲಾರ್ಗೂ. ನಂಗೆ ಇಂಗ್ಲಿಷ್ ಹಾಡು ಅಂದ್ರೆ ತಲೆನೋವು.” ಸಮದನಿಗೆ ಏನೋ ಹೊಳೆದು ಮುಖ ಸಣ್ಣಗಾಯಿತು. “ಅವತ್ತು ತೊಂದ್ರೆ ಆಯ್ತಾ? ಅದಕ್ಕೇ ಬಂದ್ರಾ? ಮಾಫ್ ಮಾಡ್ಬೇಕು ಸಾಮಿ, ತಿಥೀಲಿ ತೊಂದ್ರೆ ಆಯ್ತದೆ ಅಂತ ಗೊತ್ತಿದ್ರೆ ಹಾಕ್ತಿರ್ಲಿಲ್ಲ.”

“ಛೆ ಛೆ, ಇಲ್ಲ. ಇಲ್ಲೇ ಹತ್ರ ಕೆಲಸ ಇತ್ತು. ಸುಮ್ನೆ ಬಂದೆ.”

ಚಾ ಬಂತು. ಏಲಕ್ಕಿ ಹಾಕಿ ಮಾಡಿದ್ದಳು. ಕುಡಿದು ಲೋಟ ಕೊಡುವಾಗ ಜಯಕುಮಾರನ ಬಾಯಿಂದ “ಥ್ಯಾಂಕ್ಸ್” ಅಂತ ಬಂದುಬಿಟ್ಟಿತು, ಬೇಕಾದ್ದಕ್ಕಿಂತ ಗಟ್ಟಿಯಾಗಿ.

“ಚಾಗೆಲ್ಲ ಏನ್ ಸಾಮಿ ಥ್ಯಾಂಕ್ಸು!” ಸಮದ್ ನಕ್ಕ.

“ಆ ಕ್ಯಾಸೆಟ್ಟು?”

“ಯಾವ್ದೂ ಇಲ್ಲ. ಮೂಟೆಗಟ್ಲೆ ಬಿದ್ದಿತ್ತು, ಹಳೇ ಗಿರಾಕಿಗಳು ವಾಪಸ್ ತಂದ್ ಸುರಿದಿದ್ದೂ ಸೇರಿ. ಹೊಲದೋರು ಹಕ್ಕಿ ಹೆದ್ರಿಸಾಕೆ ಅಂತ ಎತ್ಕಂಡೋದ್ರು. ಊರಾಚೆ ಹೋಗಿ ನೋಡಿ, ಎಲ್ಲಾ ಅಲ್ಲೇ ಕಟ್ಟವ್ರೆ.”

ಹೋಗಿ ನೋಡಿದ. ಮುಸುಕಿನ ಜೋಳ ಬಿತ್ತಿದ ಹೊಲ, ಇನ್ನೂ ಒಂದು ಮೊಳಕೆಯೂ ಎದ್ದಿರಲಿಲ್ಲ. ಗೂಟದಿಂದ ಗೂಟಕ್ಕೆ ಕಂದು ಟೇಪು ಎಳೆದು ಕಟ್ಟಿದ್ದರು. ಆಷಾಢದ ಗಾಳಿ ಬೀಸಿದಾಗೆಲ್ಲ ಅದು ಫಳಫಳ ಹೊಳೆದು ಗುಂಯ್ ಅನ್ನುತ್ತಿತ್ತು. ಎಷ್ಟು ಜನರ ಮದುವೆ, ಎಷ್ಟು ಜನರ ತಿಥಿ! ಕಿವಿಗೊಟ್ಟು ನಿಂತ. ಹಾಡು ಯಾವುದೂ ಇರಲಿಲ್ಲ, ಬರೀ ಗುಂಯ್.

ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವತ್ತು ಹಿತ್ತಲಲ್ಲಿ ಅತ್ತದ್ದಂತೂ ಸುಳ್ಳಲ್ಲವಲ್ಲ. ಅರ್ಧಕ್ಕೇ ನಿಂತ ಆ ಹಾಡು ತನ್ನನ್ನು ಉಳಿಸಿತ್ತು. ಎದೆ ತುಂಬ ಕೃತಜ್ಞತೆ ಹಾಗೇ ಇತ್ತು, ಇಪ್ಪತ್ತೊಂದು ವರ್ಷ ಇದ್ದಷ್ಟೇ ಇತ್ತು. ಯಾರಿಗೆ ಅನ್ನುವುದು ಮಾತ್ರ ಹೋಗಿತ್ತು.

“ಯಾರಪ್ಪಾ ಅದು?” ಬದುವಿನ ಆ ಕಡೆಯಿಂದ ಒಬ್ಬ ಮುದುಕಿ ಕೂಗಿದಳು. “ಕೈ ಯಾಕ್ ಮುಗ್ಕಂಡ್ ನಿಂತಿದ್ದೀಯ?”

ನೋಡಿಕೊಂಡ. ಹೌದು, ಮುಗಿದಿದ್ದ.

ಅಷ್ಟರಲ್ಲಿ ಗಾಳಿ ನಿಂತಿತು. ಟೇಪು ಸೋತು ಜೋತುಬಿದ್ದು ಸುಮ್ಮನಾಯಿತು. ಎಲ್ಲಿದ್ದವೋ, ಕಾಗೆಗಳು ಒಂದೊಂದಾಗಿ ಹೊಲಕ್ಕಿಳಿದು ಬಿತ್ತಿದ ಕಾಳು ಕೆದಕತೊಡಗಿದವು.

“ಓಡ್ಸಪ್ಪಾ! ಒಸಿ ಓಡ್ಸು!” ಮುದುಕಿ ಅರಚಿದಳು.

ಓಡಿಸಬೇಕು ಅನ್ನಿಸಿತು. ಮುಗಿದ ಕೈ ಬಿಡಿಸಿಕೊಳ್ಳಲು ಬರಲಿಲ್ಲ. ಒಂದು ಕಾಗೆ ಅವನ ಚಪ್ಪಲಿಯವರೆಗೂ ಬಂದು, ತಲೆಯೆತ್ತಿ ಒಮ್ಮೆ ನೋಡಿ, ಮತ್ತೆ ಕಾಳು ಕೆದಕತೊಡಗಿತು.