ಪರೀಕ್ಷಕರ ತಟ್ಟೆ

ಗಗನಸಖಿ ಕಲ್ಕಿದಾನ್ ಮುಚ್ಚಳ ಎತ್ತುತ್ತಲೇ ಮೇಲೆದ್ದ ಹಬೆಗೆ ಮೆಮ್ಹಿರ್ ವೊಂದಿಮು ಅವರ ಕನ್ನಡಕ ಮಂಜಾಯಿತು. ಅವರು ಅದನ್ನು ತೆಗೆದು ಒರೆಸಿ, ಮತ್ತೆ ಏರಿಸಿಕೊಂಡು, ಉತ್ತರಪತ್ರಿಕೆಯ ಮೇಲೆ ಬಾಗುವ ಹಾಗೆ ತಟ್ಟೆಯ ಮೇಲೆ ಬಾಗಿದರು. ಕೆಂಪಗೆ ಮಿನುಗುವ ಕೋಳಿಸಾರು, ಅದರ ನಡುವೆ ಬೇಯಿಸಿದ ಮೊಟ್ಟೆ, ಒಂದು ಬದಿಗೆ ಪನೀರಿನಂಥ ಬೆಳ್ಳನೆಯ ಗಿಣ್ಣು, ಶುಭ್ರವಾದ ಬಟ್ಟೆಯಲ್ಲಿ ಸುತ್ತಿಟ್ಟ ಇಂಜೆರಾ ಎಂಬ ಹುಳಿದೋಸೆ. ಮೆಮ್ಹಿರ್ ಇಂಜೆರಾದ ಅಂಚನ್ನು ಎರಡು ಬೆರಳಲ್ಲಿ ಎತ್ತಿ ಅದರ ಅಡಿಯನ್ನು ನೋಡಿದರು. ಸುಟ್ಟ ಕಲೆಯಿಲ್ಲ. ಮೇಲ್ಮೈಯ ತುಂಬ ಸಣ್ಣ ಸಣ್ಣ ಕಣ್ಣುಗಳು ಒಂದೇ ಸಮನಾಗಿ ತೆರೆದಿದ್ದವು.

"ಕುಡಿಯೋಕೆ ಏನು ಕೊಡ್ಲಿ, ಗಾಶೆ?" ಎಂದು ಕಲ್ಕಿದಾನ್ ಹಿರಿಯರನ್ನು ಕರೆಯುವ ವಿನಯದಿಂದ ಕೇಳಿದಳು.

"ಬರೀ ನೀರು ಸಾಕು, ಮಗಳೇ."

ದೆಸ್ಸಿಯ ಸರ್ಕಾರಿ ಶಾಲೆಯಲ್ಲಿ ಆಯುಷ್ಯದ ಬಹುಭಾಗವನ್ನು ಮೇಷ್ಟರಾಗಿ ಕಳೆದದ್ದರಿಂದ, ವೊಂದಿಮು ಅವರಿಗೆ 'ಮೆಮ್ಹಿರ್' ಎಂಬ ಮೇಷ್ಟರ ಬಿರುದು ನಿವೃತ್ತಿಯ ನಂತರವೂ ಅಂಟಿಕೊಂಡಿತ್ತು. ನಕಲು ಮಾಡಿದ ಹುಡುಗ ಜಿಲ್ಲಾಧಿಕಾರಿಯ ಮಗನೆಂದು ತಿಳಿದೂ ಹೊರಗಟ್ಟಿದ ಅವರ ಹೆಸರು ಅಡಿಸ್ ಅಬಾಬಾದವರೆಗೂ ಹಬ್ಬಿತ್ತು. ಎಂತೊತ್ತೊ ಏರ್‌ವೇಸ್‌ನವರು ತಮ್ಮ ವಿಮಾನಗಳ ಮುಂದಿನ ಕ್ಯಾಬಿನ್ನಿನ ಊಟಕ್ಕೆ ಅಂಕ ಕೊಡಲು ಅಂಥವರೇ ಬೇಕೆಂದು ಹುಡುಕಿಕೊಂಡು ಬಂದಿದ್ದರು. ಕರಾರು ಒಂದೇ: ಮೆಮ್ಹಿರ್ ಸಾಮಾನ್ಯ ಪ್ರಯಾಣಿಕನಂತೆ ಕೂರಬೇಕು, ತಾವು ಯಾರೆಂಬುದನ್ನು ಯಾರಿಗೂ ತಿಳಿಸಕೂಡದು. ಪರೀಕ್ಷಕನ ಗುರುತು ಸಿಕ್ಕಿದ ಪರೀಕ್ಷೆ ಪರೀಕ್ಷೆಯಲ್ಲ, ಬರಿಯ ನಾಟಕ. ಈ ತತ್ತ್ವವನ್ನು ಅವರು ಕರಾರಿಗೆ ಮೊದಲೇ ನಂಬಿದ್ದವರು. ಆದ್ದರಿಂದ ಪ್ರತಿ ಪ್ರಯಾಣಕ್ಕೂ ಬೇರೆ ಬೇರೆ ಕೋಟು ತೊಡುತ್ತಿದ್ದರು.

ಜೋಹಾನ್ಸ್‌ಬರ್ಗಿಗೆ ಹೊರಟ ಈ ವಿಮಾನದಲ್ಲಿ ಅವರು ಕೊಡುವ ಅಂಕಕ್ಕೆ ಎಂದಿಗಿಂತ ಹೆಚ್ಚಿನ ತೂಕವಿತ್ತು. ಎಂಬತ್ತು ದಾಟಿದರೆ ಕಲ್ಕಿದಾನ್ ಕ್ಯಾಬಿನ್ ಮುಖ್ಯಸ್ಥೆಯಾಗುತ್ತಾಳೆ. ದಾಟದಿದ್ದರೆ ಮತ್ತೊಂದು ವರ್ಷ ಪರದೆಯ ಹಿಂದಿನ ಅಗ್ಗದ ಸೀಟುಗಳ ಸಾಲಿಗೆ ಮರಳುತ್ತಾಳೆ. ಮೆಮ್ಹಿರ್ ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದರು. ಈರುಳ್ಳಿ ಅವಸರವಿಲ್ಲದೆ ಬಾಡಿತ್ತು, ಖಾರ ಬೆಣ್ಣೆಯಲ್ಲಿ ಕರಗಿತ್ತು, ಕೋಳಿ ಎಲುಬಿನಿಂದ ತಾನಾಗಿ ಕಳಚಿ ಬಂತು. ತೊಂಬತ್ತೆರಡು ಎಂದು ಅವರ ಮನಸ್ಸು ನಿರ್ಧರಿಸಿತು. ಅಚ್ಚುಕಟ್ಟಾದ ಈ ಹುಡುಗಿಗೆ ಒಳ್ಳೆಯದಾಗುತ್ತದೆಂದು ಅವರಿಗೆ ನಿಜಕ್ಕೂ ಸಂತೋಷವಾಯಿತು.

"ಏನಪ್ಪಾ, ಒಬ್ಬನೇ ತಿಂತಾ ಇದೀಯಾ?"

ಧ್ವನಿ ಪಕ್ಕದ ಕಿಟಕಿ ಸೀಟಿನಿಂದ ಬಂತು. ಎರಡು ಸೀಟುಗಳ ನಡುವಿನ ಗಿಡ್ಡ ಅಡ್ಡಗೋಡೆಯ ಮೇಲೆ ಬಿಳಿಯ ಸೆರಗು ಹೊದ್ದ ಒಂದು ಮುಖ ಮೂಡಿತ್ತು. ಎಮಾಮಾ ಜೆನೆಬೆಚ್, ಎಲ್ಲರ ಬಾಯಲ್ಲೂ ಅಜ್ಜಿ. ಜೋಹಾನ್ಸ್‌ಬರ್ಗಿನಲ್ಲಿ ಬಟ್ಟೆ ಅಂಗಡಿಯಿಟ್ಟ ಮಗಳ ಬಾಣಂತನಕ್ಕೆ ಹೊರಟಿದ್ದ ಆಕೆ, ಅಮ್ಮ ಕಾಲು ಚಾಚಿಕೊಂಡು ಬರಲೆಂದು ಮಗಳು ದುಬಾರಿ ಟಿಕೇಟು ತೆಗೆಸಿದ ಕಥೆಯನ್ನು ವಿಮಾನ ಏರುವ ಮೊದಲೇ ಎಲ್ಲರಿಗೂ ಹೇಳಿದ್ದರು.

"ನೀವೂ ಊಟ ಮಾಡಿ, ಎಮಾಮಾ. ನಿಮ್ಮ ತಟ್ಟೆ ಬಂತಲ್ಲ."

"ಬಂತು. ಎದುರಿಗೆ ಗೋಡೆ, ಪಕ್ಕಕ್ಕೆ ಗೋಡೆ. ಗೋಡೆ ನೋಡ್ಕೊಂಡು ಉಣ್ಣೋಕೆ ನಾನೇನು ಜೈಲಲ್ಲಿದೀನಾ? ತಗೋ, ಬಾಯಿ ತೆಗಿ."

ಅಡ್ಡಗೋಡೆಯ ಮೇಲಿಂದ ಒಂದು ಕೈ ಚಾಚಿತು. ಬೆರಳ ತುದಿಯಲ್ಲಿ ಇಂಜೆರಾದಲ್ಲಿ ಸುತ್ತಿದ ದಪ್ಪ ತುತ್ತೊಂದಿತ್ತು. ತನ್ನ ಕೈಯಾರೆ ಮತ್ತೊಬ್ಬರ ಬಾಯಿಗಿಡುವ ಈ ಗುರ್ಶಾಕ್ಕೆ ಬೇಡ ಎನ್ನುವ ಗಂಡಸು ಆ ದೇಶದಲ್ಲಿ ಇನ್ನೂ ಹುಟ್ಟಿಲ್ಲ. ಆದರೆ ಪರೀಕ್ಷಕನು ಪರೀಕ್ಷೆಯ ಹೊತ್ತಿನಲ್ಲಿ ಅನ್ಯರ ತಟ್ಟೆಯ ರುಚಿಯನ್ನು ನಾಲಿಗೆಗೆ ಸೋಕಿಸಬಾರದೆಂಬುದು ಮೆಮ್ಹಿರ್ ತಮಗೆ ತಾವೇ ವಿಧಿಸಿಕೊಂಡ ನಿಯಮವಾಗಿತ್ತು.

"ಕ್ಷಮಿಸಿ, ಎಮಾಮಾ. ಇವತ್ತು ಬೇಡ."

"ಬೇಡವಾ?" ಎಮಾಮಾ ಅವರ ಧ್ವನಿ ಏರಿತು. "ನಿಮ್ಮಮ್ಮ ಕೊಟ್ಟಿದ್ರೆ ಬೇಡ ಅಂತಿದ್ಯಾ? ನನ್ನ ಕೈಗೆ ಏನಾಗಿದೆ? ಈಗಷ್ಟೇ ಆ ಹುಡುಗಿ ಬಿಸಿ ಟವೆಲ್ ಕೊಟ್ಳು, ಮೊಣಕೈವರೆಗೂ ಒರೆಸ್ಕೊಂಡಿದೀನಿ!"

ಮುಂದಿನ ಸಾಲಿನ ಎಳ್ಳಿನ ವ್ಯಾಪಾರಿ ದೆಮಿಸ್ಸೆವ್ ಹಿಂತಿರುಗಿ ನೋಡಿ, "ತಗೊಳ್ಳಿ ಗಾಶೆ, ಇಲ್ದಿದ್ರೆ ಎಮಾಮಾ ಶಾಪ ಹಾಕಿದ್ರೆ ವಿಮಾನಕ್ಕೇ ಕಷ್ಟ" ಎಂದು ನಕ್ಕ.

ಮೆಮ್ಹಿರ್ ಬಾಯಿ ತೆರೆದರು. ಅಗಿದರು. ಅಗಿಯುತ್ತಲೇ ಇದ್ದರು. ಇಂಜೆರಾ ಒಣಗಿದ ಚರ್ಮದ ಹಾಗೆ ಹಲ್ಲಿಗೆ ಅಡ್ಡ ನಿಂತಿತು, ಸಾರಿನಲ್ಲಿ ಉಪ್ಪು ಬಿಟ್ಟು ಬೇರೇನೂ ಇರಲಿಲ್ಲ, ಕೋಳಿ ನಾರುನಾರಾಗಿ ಹುರಿಹಗ್ಗವಾಗಿತ್ತು.

"ಒಂದು ಗುರ್ಶಾ ಜಗಳಕ್ಕೆ" ಎನ್ನುತ್ತ ಎಮಾಮಾ ಎರಡನೆಯದನ್ನು ತುರುಕಿದರು. "ಎರಡು ಅಗಲಿಕೆಗೆ. ಮೂರಾದ್ರೇನೇ ಪ್ರೀತಿ. ಹಾಂ, ಇನ್ನೊಂದು."

ಮೂರನೆಯ ತುತ್ತನ್ನೂ ಮೆಮ್ಹಿರ್ ನೀರಿನ ಸಹಾಯದಿಂದ ನುಂಗಿದರು. ನಾಲಿಗೆಗೆ ರುಚಿ ತಪ್ಪಿರಬಹುದು, ಒಂದು ತಟ್ಟೆ ಕೆಟ್ಟಿರಬಹುದು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡರು. ಆದರೆ ಉಂಡ ಗುರ್ಶಾವನ್ನು ಮರಳಿ ಕೊಡದಿರುವುದು ಉಣ್ಣದಿರುವುದಕ್ಕಿಂತ ದೊಡ್ಡ ಅಪಚಾರ. ಅವರು ತಮ್ಮ ತಟ್ಟೆಯಿಂದ ಒಂದು ತುತ್ತು ಕಟ್ಟಿ ಗೋಡೆಯಾಚೆ ಚಾಚಿದರು. ಎಮಾಮಾ ಕಣ್ಣು ಮುಚ್ಚಿ ಅಗಿದರು. ಮರುಕ್ಷಣ ಆ ಕಣ್ಣುಗಳು ಅಗಲವಾಗಿ ತೆರೆದವು.

"ಅಯ್ಯೋ! ನಿನ್ನ ಕೋಳಿ ಬೇರೆ, ನನ್ನ ಕೋಳಿ ಬೇರೆ! ಲೇ ದೆಮಿಸ್ಸೆವ್, ಬಾ ಇಲ್ಲಿ, ಇದನ್ನ ತಿಂದು ನೋಡು. ಇವನು ಯಾರಪ್ಪಾ, ಮಂತ್ರಿಯಾ?"

ದೆಮಿಸ್ಸೆವ್ ಎದ್ದು ಬಂದು ಬಾಯೊಡ್ಡಿದ. ಅಗಿದು, ತಲೆಯಾಡಿಸಿ, ತನ್ನ ತಟ್ಟೆಯನ್ನೇ ಎತ್ತಿ ತಂದ. "ನನ್ನದನ್ನೂ ನೋಡ್ಬಿಡಿ ಗಾಶೆ. ಈ ಇಂಜೆರಾದಲ್ಲಿ ನಮ್ಮ ಲಾರಿ ಟೈರಿಗೆ ಪಂಕ್ಚರ್ ಹಾಕಬಹುದು."

ಮೆಮ್ಹಿರ್ ಅದನ್ನೂ ತಿಂದರು. ಆಮೇಲೆ ಅವರು ಮಾಡಿದ್ದನ್ನು ಎಂತೊತ್ತೊ ಏರ್‌ವೇಸ್‌ನ ಯಾವ ಪರೀಕ್ಷಕನೂ ಅದುವರೆಗೆ ಮಾಡಿರಲಿಲ್ಲ. ಎದ್ದು ನಿಂತು, ಕೋಟಿನ ಗುಂಡಿ ಹಾಕಿಕೊಂಡು, ಸಾಲಿನಿಂದ ಸಾಲಿಗೆ ನಡೆದರು. "ದಯವಿಟ್ಟು ನನಗೊಂದು ತುತ್ತು ಕೊಡುವಿರಾ?" ಎಂದು ಪ್ರತಿಯೊಬ್ಬರ ಮುಂದೆಯೂ ಬಾಗಿ ಕೇಳಿದರು. ನಕ್ಕು ಕೊಟ್ಟವರೇ ಹೆಚ್ಚು. ರಸ್ತೆ ಕಟ್ಟಿಸುವ ಚೀನೀ ಎಂಜಿನಿಯರೊಬ್ಬ, ಅಡಿಸ್‌ನಲ್ಲಿ ಬಹುಕಾಲ ಇದ್ದವನು, ಫೋರ್ಕನ್ನು ಪಕ್ಕಕ್ಕಿಟ್ಟು ಶಾಸ್ತ್ರೋಕ್ತವಾಗಿ ಮೂರು ತುತ್ತು ಕಟ್ಟಿ ಬಾಯಿಗಿಟ್ಟ. ಎಲ್ಲರದೂ ಅದೇ ಚರ್ಮ, ಅದೇ ಉಪ್ಪು, ಅದೇ ಹಗ್ಗ.

ಬೆಲೆ ತೆತ್ತವನಿಗೆ ಒಂದು ಅನ್ನ, ಬೆಲೆ ಕಟ್ಟುವವನಿಗೆ ಇನ್ನೊಂದು ಅನ್ನ! ಇದಕ್ಕಿಂತ ಹೇಸಿಗೆಯ ಪಂಕ್ತಿಭೇದ ಯಾವುದಿದ್ದೀತು? ಜಾತಿಯ ಪಂಕ್ತಿಭೇದದಲ್ಲಿ ಹೊರಗೆ ಕುಳಿತವನಿಗೆ ತಾನು ಹೊರಗಿದ್ದೇನೆಂಬುದಾದರೂ ತಿಳಿದಿರುತ್ತದೆ. ಇಲ್ಲಿ ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸಿ, ಒಂದೇ ಬಗೆಯ ಮುಚ್ಚಳ ಮುಚ್ಚಿ ವಂಚಿಸಲಾಗಿತ್ತು. ಎಲ್ಲರಿಗಿಂತ ಹೆಚ್ಚು ವಂಚಿತರಾದವರು ಮೆಮ್ಹಿರ್ ಸ್ವತಃ. ಇಷ್ಟು ವರ್ಷ ಅವರು ಯಾರೂ ಉಣ್ಣದ ಊಟವೊಂದಕ್ಕೆ ಅಂಕ ಕೊಡುತ್ತ ಬಂದಿದ್ದರು.

ಮೆಮ್ಹಿರ್ ಪರದೆ ಸರಿಸಿ ವಿಮಾನದ ಅಡುಗೆ ಅಂಕಣಕ್ಕೆ ನುಗ್ಗಿದಾಗ ಕಲ್ಕಿದಾನ್ ಗೋಡೆಗೆ ಒರಗಿ ನಿಂತಿದ್ದಳು. ಅವಳಿಗೆ ಎಲ್ಲವೂ ಕೇಳಿಸಿತ್ತು.

"ನನ್ನ ತಟ್ಟೆ ಎಲ್ಲಿಂದ ಬಂತು?"

"ವಿಮಾನ ನಿಲ್ದಾಣದ ಅಡುಗೆಮನೆಯಿಂದಲೇ ಬೇರೆಯಾಗಿ ಬರುತ್ತೆ, ಮೆಮ್ಹಿರ್. ಹಸಿರು ದಾರ ಕಟ್ಟಿರ್ತಾರೆ. ನಿಮ್ಮ ಸಾರು ನಿಧಾನಕ್ಕೆ ಬಿಸಿ ಮಾಡ್ತೀವಿ, ಇಂಜೆರಾನ ಒಲೆಗೇ ತೋರಿಸಲ್ಲ. ಮಿಕ್ಕಿದ್ದೆಲ್ಲ ಬೇಗ ಮುಗೀಲಿ ಅಂತ ತಟ್ಟೆ ಸಮೇತ ಒಲೆಯೊಳಗೆ."

"ಮೆಮ್ಹಿರ್ ಅಂದೆಯಾ? ನಾನು ಯಾರಂತ ನಿನಗೆ ಹೇಗೆ ಗೊತ್ತು?"

"ಇಡೀ ಕಂಪನಿಗೇ ಗೊತ್ತು."

"ಸಾಧ್ಯವಿಲ್ಲ. ಪ್ರತಿ ಸಲವೂ ಬೇರೆ ಕೋಟು ಹಾಕ್ತೀನಿ!"

ಅಷ್ಟು ಭಯದಲ್ಲೂ ಕಲ್ಕಿದಾನ್‌ಗೆ ನಗು ತಡೆಯಲಾಗಲಿಲ್ಲ. "ಕೋಟು ಬೇರೆ ಬೇರೆಯೇ. ಆದ್ರೆ ಇಂಜೆರಾ ಎತ್ತಿ ಅಡಿ ನೋಡೋ ಗಂಡಸು ಈ ಭೂಮಿ ಮೇಲೆ ನೀವೊಬ್ರೇ. ನಮ್ಮತ್ತೆ ಕೂಡ ಅಷ್ಟು ನೋಡಲ್ಲ."

"ನಗಬೇಡ! ಇದು ಮೋಸ. ಇಷ್ಟು ಓದಿದವಳು, ನಿನಗೆ ಈ ವಿದ್ಯೆಯನ್ನು ಯಾರು ಕಲಿಸಿದರು?"

"ನೀವೇ."

ಮೆಮ್ಹಿರ್ ಕನ್ನಡಕ ಸರಿಪಡಿಸಿಕೊಂಡು ಅವಳನ್ನು ನೋಡಿದರು.

"ದೆಸ್ಸಿಯ ಶಾಲೆ, ಮೆಮ್ಹಿರ್. ನೆನಪಿರಲ್ಲ ನಿಮಗೆ, ಅಷ್ಟು ಜನ ಇದ್ವಿ. ಇನ್‌ಸ್ಪೆಕ್ಟರ್ ಬರೋ ದಿನ ಉತ್ತರ ಬರೋ ಮಕ್ಕಳನ್ನೆಲ್ಲ ಮುಂದಿನ ಬೆಂಚಿಗೆ ಕೂರಿಸ್ತಿದ್ರಿ. ನನ್ನ ಅಂಗಿ ಭುಜದಲ್ಲಿ ಹರಿದಿತ್ತು. ಕೊನೇ ಬೆಂಚಿಗೆ ಹೋಗಿ ಗೋಡೆಗೆ ಒರಗಿ ಕೂತ್ಕೋ ಅಂದ್ರಿ. ನಂಗೆ ಆವತ್ತು ಉತ್ತರ ಗೊತ್ತಿತ್ತು." ಅವಳು ಕಣ್ಣಂಚನ್ನು ಬೆರಳಿಂದ ಒತ್ತಿಕೊಂಡಳು. "ಆ ಇನ್‌ಸ್ಪೆಕ್ಟರ್‌ಗೆ ನೀವು ಕೊಟ್ಟಿದ್ದೂ ಹಸಿರು ದಾರದ ತಟ್ಟೆಯೇ ಅಲ್ವಾ?"

ಮೆಮ್ಹಿರ್ ಸಿಬ್ಬಂದಿಯ ಮಡಿಚುವ ಆಸನವನ್ನು ಎಳೆದು ಅದರ ಮೇಲೆ ಕುಳಿತರು. ಪರದೆಯಾಚೆ ಎಮಾಮಾ ಯಾರಿಗೋ ಗದರಿಸಿ ಉಣ್ಣಿಸುತ್ತಿದ್ದುದು ಕೇಳುತ್ತಿತ್ತು. ಆಗ ಮೆಮ್ಹಿರ್ ಅವರ ಹೊಟ್ಟೆಯ ಆಳದಿಂದ ನಗುವೊಂದು ಎದ್ದು, ಹೆಗಲನ್ನು ಕುಲುಕಿಸಿ ಹೊರಬಂತು.

"ಪಾಠವನ್ನು ಚೆನ್ನಾಗಿಯೇ ಒಪ್ಪಿಸಿದೆ."

"ಎಷ್ಟು ಕೊಡ್ತೀರಿ?"

"ಈ ಪಾಠಕ್ಕಾ? ನೂರಕ್ಕೆ ನೂರು."

"ಊಟಕ್ಕೆ?"

ಮೆಮ್ಹಿರ್ ಅವಳ ಮುಖವನ್ನು ನೋಡಿದರು. ಆ ಮುಖದಲ್ಲಿ ಅವರು ಕೊನೆಯ ಬೆಂಚನ್ನು ಹುಡುಕಿದರು; ಅದು ಸಿಗಲಿಲ್ಲ. ತಾವು ಮರೆತದ್ದಕ್ಕೆ ಪ್ರಾಯಶ್ಚಿತ್ತವಾಗಿ ಎಂಬತ್ತರ ಮೇಲೆ ಕೊಟ್ಟುಬಿಡುವುದು ಅತ್ಯಂತ ಸುಲಭವಾಗಿತ್ತು. ಆದರೆ ಹಾಗೆ ಕೊಟ್ಟರೆ ಅದೂ ಇನ್ನೊಂದು ಹಸಿರು ದಾರವೇ.

"ನಲವತ್ತು" ಎಂದರು. "ಹೊರಗೆ ಎಲ್ಲರೂ ಉಂಡ ಊಟಕ್ಕೆ ನಲವತ್ತು. ನಾನು ಈವರೆಗೆ ಕೊಟ್ಟ ಅಂಕಗಳನ್ನೆಲ್ಲ ಹೊಡೆದುಹಾಕಿ ಅಂತಲೂ ಬರೀತೀನಿ. ಇನ್ನು ಮುಂದೆ ನನ್ನಂಥ ಮುಖ ಗೊತ್ತಿರೋ ಮುದುಕರನ್ನ ಕಳಿಸಬೇಡಿ, ಪ್ರತಿ ಸಲ ಹೊಸಬರನ್ನ ಕಳಿಸಿ ಅಂತಲೂ."

"ಹಾಗಾದ್ರೆ ನಿಮ್ಮ ಕೆಲಸವೂ ಹೋಯ್ತು."

"ಹೋಯ್ತು."

"ನಾನು ಪರದೆ ಹಿಂದಕ್ಕೆ."

"ಹೌದು, ಮಗಳೇ."

ಕಲ್ಕಿದಾನ್ ಅವರಿಗೆ ಬೆನ್ನು ತಿರುಗಿಸಿ ನಿಂತಳು. ಅಷ್ಟರಲ್ಲಿ ಪರದೆಯ ಸಂದಿಯಿಂದ ಎಮಾಮಾ ತಲೆ ತೂರಿಸಿದರು. "ಏ ಹುಡುಗಿ, ಆ ಒಳ್ಳೇ ತಟ್ಟೆ ಖಾಲಿ ಮಾಡಿದ್ವಿ. ಮಿಕ್ಕಿದ್ದನ್ನ ಕತ್ತೆನೂ ಮೂಸಲ್ಲ. ಒಳಗೆ ಏನಾದ್ರೂ ಬಚ್ಚಿಟ್ಟಿದೀಯಾ, ಅಥವಾ ನಾನೇ ಬಂದು ಹುಡುಕ್ಲಾ?"

"ಕೂತ್ಕೊಳ್ಳಿ ಎಮಾಮಾ, ಬಂದೆ."

ನಿದ್ರಿಸುವ ಪ್ರಯಾಣಿಕರಿಗಾಗಿ ಎತ್ತಿಟ್ಟ ತಟ್ಟೆಗಳು ಇನ್ನೂ ಒಲೆ ಕಂಡಿರಲಿಲ್ಲ. ಕಲ್ಕಿದಾನ್ ಅವುಗಳ ಇಂಜೆರಾವನ್ನೆಲ್ಲ ಬಿಡಿಸಿ ಬಟ್ಟೆಯಲ್ಲಿ ಸುತ್ತಿದಳು. ಸಾರನ್ನು ಕಡಿಮೆ ಶಾಖದಲ್ಲಿಟ್ಟು ಅದರ ಮುಂದೆ ಕಾದು ನಿಂತಳು. ಉಪ್ಪು ಹೆಚ್ಚಿದ ಪಾತ್ರೆಗೆ ಸಿಬ್ಬಂದಿಯ ಪಾಲಿನ ಗಿಣ್ಣನ್ನು ಪುಡಿ ಮಾಡಿ ಬೆರೆಸಿದಳು.

"ಇದಕ್ಕೆ ಅಂಕವಿಲ್ಲ, ನೆನಪಿರಲಿ" ಎಂದರು ಮೆಮ್ಹಿರ್.

"ಗೊತ್ತು ಮೆಮ್ಹಿರ್. ಸ್ವಲ್ಪ ಕಾಲು ತೆಗೀರಿ, ದಾರಿಗೆ ಅಡ್ಡ ಕೂತಿದೀರಿ."

ಅವಳು ದೊಡ್ಡ ತಟ್ಟೆಯನ್ನು ಎರಡೂ ಕೈಯಲ್ಲಿ ಹೊತ್ತು ಹೊರಗೆ ಹೋದಳು. ಆಚೆಯಿಂದ ಕೇಕೆ ಎದ್ದಿತು, ದೆಮಿಸ್ಸೆವ್ ಸಿಳ್ಳೆ ಹಾಕಿದ. ತಟ್ಟೆ ಯಾವ ಸೀಟಿನದೂ ಆಗದೆ ನಡುದಾರಿಯಲ್ಲೇ ನಿಂತಿರಬೇಕು. ಒಂದಷ್ಟು ಜನ ಒಟ್ಟಿಗೆ ಎದ್ದ ಸಪ್ಪಳ ಕೇಳಿಸಿತು. ಪರದೆಯ ಹಿಂದಿನ ಅಗ್ಗದ ಸಾಲಿನವರಿಗೆ ಏನು ಕೊಟ್ಟಿರಿ ಎಂದು ಎಮಾಮಾ ಕೇಳುತ್ತಿದ್ದರು.

ವಿಮಾನ ಇಳಿಯತೊಡಗುವ ಮುನ್ನ ಕಲ್ಕಿದಾನ್ ಮರಳಿದಾಗ ಮೆಮ್ಹಿರ್ ಕಾಗದದ ಕರವಸ್ತ್ರದಿಂದ ಬೆರಳನ್ನು ಉಜ್ಜಿಕೊಳ್ಳುತ್ತಿದ್ದರು. ಎಷ್ಟೋ ಜನರ ತಟ್ಟೆಯ ಕೆಂಪು ಉಗುರಿನ ಸಂದಿಗಿಳಿದಿತ್ತು. ಅವಳು ಸ್ಟೀಲಿನ ಬೋಗುಣಿಯನ್ನು ಅವರ ಮಡಿಲ ಮೇಲಿಟ್ಟು, ನೀರಿನ ಬಾಟಲಿಯ ಮುಚ್ಚಳ ತಿರುವಿ, ಊರಿನಲ್ಲಿ ಕಿರಿಯರು ಹಿರಿಯರಿಗೆ ಮಾಡುವಂತೆ ಎಡಗೈಯನ್ನು ಬಲಗೈಯ ಮೊಣಕೈಗೆ ಆನಿಸಿ ಬಾಗಿದಳು. ಮೆಮ್ಹಿರ್ ಎರಡೂ ಕೈಗಳನ್ನು ಮುಂದೆ ಚಾಚಿದರು. ಸಣ್ಣ ಧಾರೆ ಬಿದ್ದಿತು. ಕೆಂಪು ಮೊದಲು ದಟ್ಟವಾಗಿ, ಆಮೇಲೆ ತೆಳ್ಳಗೆ ಬೋಗುಣಿಗೆ ಇಳಿಯಿತು. ಕೈ ಶುಭ್ರವಾದ ಮೇಲೂ ಅವಳು ಸುರಿಯುವುದನ್ನು ನಿಲ್ಲಿಸಲಿಲ್ಲ, ಅವರು ಕೈ ಹಿಂತೆಗೆದುಕೊಳ್ಳಲಿಲ್ಲ.