ತಾತನ ಬಾಗಿಲು

ವರ್ಷದ ಕೊನೆಯ ರಜೆ ಬಂತೆಂದರೆ ನಮ್ಮ ಟಾಕೀಸಿನಲ್ಲಿ ಅದೇ ಸಿನಿಮಾ. ಮೂವತ್ತೊಂದು ವರ್ಷದಿಂದ ಅದೇ ಹಳೇ ರೀಲು. ಆಪರೇಟರ್ ಆಗಿದ್ದ ಅಪ್ಪ ಓಡಿಸಿದ, ಅವನು ಹೋದ ಮೇಲೆ ನಾನು ಓಡಿಸುತ್ತಿದ್ದೇನೆ. ನಿಜ ಹೇಳಬೇಕೆಂದರೆ ನನಗೆ ಅದನ್ನು ಕಂಡರಾಗದು. ಆದರೂ ಆ ಜಾಗ ಬಂದಾಗ ಪ್ರೊಜೆಕ್ಟರ್ ಕೋಣೆಯ ಕಿಂಡಿಯಲ್ಲಿ ಇಣುಕದೆ ಇರಲಾರೆ.

ಆ ಜಾಗ ಎಂದರೆ, ಕಿವುಡ ತಾತ ಮುನಿಸಿಕೊಂಡು ಮಹಡಿಯ ಕೋಣೆಯ ಬಾಗಿಲು ಹಾಕಿಕೊಂಡಿದ್ದಾನೆ. ರಜೆಗೆಂದು ಬಂದ ಮಕ್ಕಳು ಮೊಮ್ಮಕ್ಕಳು ಎಷ್ಟು ಕೂಗಿದರೂ ಅವನಿಗೆ ಕೇಳಿಸದು. ಕೊನೆಗೆ ಎಲ್ಲರೂ ಬಾಗಿಲ ಮುಂದೆ ನಿಂತು ಮರದ ನೆಲವನ್ನು ಕಾಲಿನಿಂದ ಕುಟ್ಟುತ್ತಾರೆ. ಆ ಅದುರು ಅವನ ಅಂಗಾಲಿಗೆ ತಾಗುತ್ತದೆ. ಮೂರನೇ ಸಲಕ್ಕೆ ಬಾಗಿಲು ತೆರೆಯುತ್ತದೆ. ನಮ್ಮ ಜನ ಮೊದಲ ವರ್ಷದಿಂದಲೂ ಅವರ ಜೊತೆ ಕುಟ್ಟುತ್ತಾರೆ, ಇಡೀ ಟಾಕೀಸು ಒಟ್ಟಿಗೆ. ಬಾಗಿಲು ತೆರೆದ ತಕ್ಷಣ ಚಪ್ಪಾಳೆ ತಟ್ಟಿ, ಮೂಗು ಒರೆಸಿಕೊಂಡು ಸುಮ್ಮನಾಗುತ್ತಾರೆ.

ಈ ಸಲ ರಜೆಗೆ ನಾಲ್ಕು ದಿನ ಮುಂಚೆ ಕೆಳಗಿನ ಕುರ್ಚಿಗಳ ಮೇಲೆ ಗಾರೆ ಉದುರಿ ಬಿದ್ದಿತ್ತು. ಮೇಸ್ತ್ರಿ ಏಣಿ ಹತ್ತಿ ಬಾಲ್ಕನಿ ಹೊತ್ತ ತೊಲೆಯ ಬಿರುಕಿಗೆ ಬೆರಳಿಟ್ಟ. ಬೆರಳು ಗೆಣ್ಣಿನವರೆಗೂ ಒಳಗೆ ಹೋಯಿತು.

"ಸುಮ್ನೆ ಕೂತ್ಕೊಂಡ್ರೆ ತಡ್ಕೊಳ್ಳುತ್ತೆ. ಎಲ್ಲ ಸೇರಿ ಕುಣಿದ್ರೆ ನಾನಂತೂ ಹೊಣೆ ಅಲ್ಲ," ಅಂದ.

ನಮ್ಮ ಮ್ಯಾನೇಜರಿಗೆ ಬೆನ್ನ ಹಿಂದೆ 'ನೋಡೋಣ ಸಾಹೇಬ' ಎಂದು ಹೆಸರು. "ನೋಡೋಣಮ್ಮ, ರಜ ಮುಗೀಲಿ. ಬಾಲ್ಕನಿ ಟಿಕೆಟೆಲ್ಲ ಹೋಗಿಬಿಟ್ಟಿದೆ," ಎಂದು ಏಣಿ ಒಳಗಿಡಿಸಿದರು.

ಮನೆಗೆ ಬಂದು ಅಮ್ಮನ ಹತ್ತಿರ ಅಂಗಲಾಚಿದೆ. "ಈ ವರ್ಷ ಒಂದು ಬಿಟ್ಬಿಡಮ್ಮ. ಇಲ್ಲ ಕೆಳಗಡೆ ಪರದೆ ಹತ್ರ ಕೂತ್ಕೋ."

"ಸುಮ್ನಿರೇ. ನಿಮ್ಮಪ್ಪ ಕೂರ್ಸಿದ ಸೀಟು ಅದು. ನಾನು ಹೋಗ್ದಿದ್ರೆ ತಾತನ್ನ ಕರೆಯೋರು ಯಾರು?"

ಎಪ್ಪತ್ತಾರು ವರ್ಷದ ಹೆಂಗಸು. ತಮಾಷೆಗೆ ಹೇಳಿದ ಮಾತಲ್ಲ. ನನಗೆ ರೇಗಿತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು.

ಮಾತಿಗೆ ಬಗ್ಗದವರನ್ನು ಕತ್ತರಿಯಲ್ಲಿ ಬಗ್ಗಿಸೋಣ ಎಂದುಕೊಂಡೆ. ರಜೆಯ ದಿನ ಬೆಳಿಗ್ಗೆ ಐದನೇ ರೀಲು ಬಿಚ್ಚಿ, ಮೊದಲ ಕುಟ್ಟಿನಿಂದ ಹಿಡಿದು ತಾತ ಬಾಗಿಲು ತೆರೆಯುವ ತನಕ ಕತ್ತರಿಸಿ ತೆಗೆದೆ. ಎರಡು ತುದಿ ಅಂಟಿಸಿದೆ. ಪರದೆಯ ಮೇಲೆ ಕುಟ್ಟುವುದೇ ಇಲ್ಲದಿದ್ದರೆ ಇವರೇಕೆ ಕುಟ್ಟುತ್ತಾರೆ? ತುಂಡನ್ನು ಸುತ್ತಿ ಜೇಬಿಗೆ ಹಾಕಿಕೊಂಡು, ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಮ್ಯಾಟಿನಿಗೆ ಕಾಲಿಡಲು ಜಾಗವಿರಲಿಲ್ಲ. ಅಮ್ಮ ಬಾಲ್ಕನಿಯ ಮುಂದಿನ ಸಾಲಿನಲ್ಲಿ, ಊರುಗೋಲನ್ನು ಮೊಣಕಾಲ ನಡುವೆ ಹಿಡಿದು ಕೂತಿದ್ದಳು. ಐದನೇ ರೀಲು ಹತ್ತಿತು. ಮುಚ್ಚಿದ ಬಾಗಿಲು ಕಂಡಿತು. ಮೊಮ್ಮಕ್ಕಳು ಕೂಗಿದರು. ಮರುಕ್ಷಣವೇ ಖಾಲಿ ಬೀದಿ, ದೂರದಲ್ಲೊಂದು ರೈಲು.

ಒಂದು ಮಗುವಿನ ದನಿ ಬಂತು.

"ತಾತ ಬರ್ಲೇ ಇಲ್ಲ!"

ಧಡ್. ಕುಟ್ಟಿದ್ದು ಅಮ್ಮ, ಊರುಗೋಲಿನಿಂದ. ಧಡ್. ಈಗ ಬಾಲ್ಕನಿಯೆಲ್ಲ ಕುಟ್ಟಿತು. ಧಡ್. ಮೂರಾಯಿತು, ಇನ್ನು ನಿಲ್ಲಿಸುತ್ತಾರೆ ಎಂದುಕೊಂಡೆ. ನಿಲ್ಲಿಸಲಿಲ್ಲ. ನಾಲ್ಕು. ಐದು. ನಾನು ಮಷೀನು ಆರಿಸಿ ದೀಪ ಹಾಕಿದೆ. ರೀಲು ಕೆಟ್ಟಿತೆಂದುಕೊಂಡು ಇನ್ನೂ ಜೋರಾಗಿ ಕುಟ್ಟಿದರು. ಕಿಂಡಿಗೆ ಬಾಯಿಟ್ಟು, "ನಿಲ್ಸಿ! ಬಾಲ್ಕನಿ ಬೀಳುತ್ತೆ!" ಎಂದು ಅರಚಿದೆ. ಆ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಿಸಲಿಲ್ಲ. ಬೆಳಕಿನಲ್ಲಿ ಸಣ್ಣಗೆ ಸುಣ್ಣದ ಪುಡಿ ಇಳಿಯತೊಡಗಿತು, ಕೆಳಗೆ ಕೂತವರು ತಲೆ ಒರೆಸಿಕೊಂಡು ನಗುತ್ತಲೇ ಕುಟ್ಟುತ್ತಿದ್ದರು.

ಅಮ್ಮ ಹಿಂತಿರುಗಿ ನನ್ನ ಕಿಂಡಿಯ ಕಡೆ ನೋಡಿದಳು. ಹೆದರಬೇಡ, ಕರೆಯುತ್ತಿದ್ದೇವೆ ಎನ್ನುವಂತೆ ಕೈ ಎತ್ತಿದಳು. ಅವಳ ಸೀಟಿನ ಕೆಳಗೆ ಏನೋ ಲಟಕ್ಕೆಂದಿತು.

ಮೂವತ್ತೊಂದು ವರ್ಷ ಅವರನ್ನು ನಿಲ್ಲಿಸುತ್ತಿದ್ದದ್ದು ತೆರೆದ ಬಾಗಿಲು. ಅದು ನನ್ನ ಜೇಬಿನಲ್ಲಿತ್ತು.