ಸೋಸಿ ಚೆಲ್ಲಿದ ಊಟ

ಬಸ್ ನಿಲ್ದಾಣದ ಎದುರಿಗೆ ಒಂದು ಟೀ ಅಂಗಡಿ. ಅಲ್ಲಿನ ಟೀ ಕುಡಿಯುವ ಆಸೆಗೆ ಬಸ್ಸು ತಪ್ಪಿಸಿಕೊಂಡವರೂ ಉಂಟು. ಆದರೆ ಈಚೆಗೆ ಅಂಗಡಿಯವನ ಕೈ ಕೆಟ್ಟಿತ್ತು. ಒಮ್ಮೆ ಸಕ್ಕರೆ ಹಾಕುವುದನ್ನೇ ಮರೆಯುತ್ತಿದ್ದ, ಇನ್ನೊಮ್ಮೆ ಎರಡೆರಡು ಸಲ ಸುರಿಯುತ್ತಿದ್ದ. ಗಿರಾಕಿಗಳು ಗೊಣಗದೆ ಕುಡಿದು ಲೋಟ ಇಟ್ಟು ಹೋಗುತ್ತಿದ್ದರು. ಅವನ ಹೆಂಡತಿ ಹಾಸಿಗೆ ಹಿಡಿದಿದ್ದಾಳೆಂದು ಎಲ್ಲರಿಗೂ ಗೊತ್ತಿತ್ತು.

ಅವಳದು ಎದೆಯ ಕಾಯಿಲೆ. ತಿಂಗಳುಗಟ್ಟಲೆ ಮಾತ್ರೆ ನುಂಗಬೇಕು. ಬಾಯೆಲ್ಲ ಹುಣ್ಣಾಗಿ ಏನನ್ನೂ ಅಗಿಯಲು ಆಗುತ್ತಿರಲಿಲ್ಲ. "ಸೂಪ್ ಮಾಡಿ ಕೊಡಿ. ಮೈಯಲ್ಲಿ ತ್ರಾಣ ಇಲ್ಲದಿದ್ರೆ ಮಾತ್ರೆ ಒಂದೇ ಏನು ಮಾಡುತ್ತೆ?" ಎಂದು ಡಾಕ್ಟರು ಹೇಳಿದ್ದರು.

ಅವತ್ತಿನಿಂದ ಅವನು ಸೂಪಿನ ಬೆನ್ನು ಹತ್ತಿದ. ಮಧ್ಯಾಹ್ನ ಅಂಗಡಿಯ ಬಾಗಿಲು ಎಳೆದು ಮಾರ್ಕೆಟ್ಟಿಗೆ ಓಡುತ್ತಿದ್ದ. ಒಳ್ಳೆಯ ಕ್ಯಾರೆಟ್ಟು, ಕುಂಬಳಕಾಯಿ, ಆಲೂಗಡ್ಡೆ ಆರಿಸಿ ತಂದು, ಬೇಳೆಯ ಜೊತೆ ಬೇಯಿಸಿ, ತಾನೇ ಕೂತು ಕುಡಿಸುತ್ತಿದ್ದ. ಅವಳು ಒಂದು ಹನಿಯನ್ನೂ ಬಿಡುತ್ತಿರಲಿಲ್ಲ. ಆದರೂ ದಿನದಿಂದ ದಿನಕ್ಕೆ ಕರಗುತ್ತಿದ್ದಳು. ಕೆನ್ನೆ ಒಳಗೆ ಹೋಯಿತು. ಬಳೆ ಮೊಣಕೈವರೆಗೆ ಜಾರತೊಡಗಿತು. ಕಿಟಕಿಯ ಪಕ್ಕದ ಕುರ್ಚಿಗೆ ಅವಳನ್ನು ಎತ್ತಿ ಕೂರಿಸುವಾಗ, ಅವಳು ಹಗುರವಾಗುತ್ತಿರುವುದು ಅವನ ತೋಳಿಗೇ ತಿಳಿಯುತ್ತಿತ್ತು. ಅಂಗಡಿಯಲ್ಲಿ ಒಲೆಯ ಹಿಂದೆ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದ. ಯಾರಾದರೂ ಕೇಳಿದರೆ ಹೊಗೆ ಎನ್ನುತ್ತಿದ್ದ. ಅದು ಗ್ಯಾಸ್ ಒಲೆ.

ಮನೆ ನೋಡಿಕೊಳ್ಳಲು ಅವನ ಅಕ್ಕ ಬಂದಿದ್ದಳು. ಒಳ್ಳೆಯವಳೇ. ಆದರೆ ಯಾವ ಮಾತಿಗೂ ಅವಳಲ್ಲಿ ಉತ್ತರ ಸಿದ್ಧವಿರುತ್ತಿತ್ತು, ಕೇಳಬೇಕೆಂದೇ ಇರಲಿಲ್ಲ. "ಹಣೇಲಿ ಬರೆದದ್ದು ಕಣೋ. ನೀನು ಏನು ಸುರಿದ್ರೂ ಅಷ್ಟೇ," ಎಂದು ತಮ್ಮನಿಗೆ ಹೇಳುತ್ತಿದ್ದಳು. ಮೊದಮೊದಲು ಅವನಿಗೆ ಸಿಟ್ಟು ಬರುತ್ತಿತ್ತು. ಆಮೇಲೆ ಸಿಟ್ಟೂ ಬರಲಿಲ್ಲ. ಅಕ್ಕ ಹೇಳುವುದೇ ನಿಜವಿರಬೇಕು ಎಂದುಕೊಂಡ.

ಹೀಗಿರುವಾಗ ತಿಂಗಳ ತೂಕ ನೋಡಲು ಆರೋಗ್ಯ ಕಾರ್ಯಕರ್ತೆ ಮನೆಗೆ ಬಂದಳು. ಹೆಗಲಲ್ಲಿ ತೂಕದ ಯಂತ್ರ ಹೊತ್ತು ಬೀದಿ ಬೀದಿ ತಿರುಗುವವಳಾದ್ದರಿಂದ ಅವಳಿಗೆ ತೂಕದಕ್ಕ ಎಂದೇ ಹೆಸರು. ದಪ್ಪಗಿರುವವರು ಅವಳನ್ನು ಕಂಡರೆ ಓಣಿ ಬದಲಿಸುತ್ತಿದ್ದರು. ಇಲ್ಲಿ ಮಾತ್ರ ತಮಾಷೆಗೆ ಜಾಗವಿರಲಿಲ್ಲ. ಗಂಡ ರಟ್ಟೆ ಹಿಡಿದು ಹೆಂಡತಿಯನ್ನು ಯಂತ್ರದ ಮೇಲೆ ನಿಲ್ಲಿಸಿ, ಕ್ಷಣಕಾಲ ಕೈ ಬಿಟ್ಟ. ತೂಕದಕ್ಕ ಮುಳ್ಳನ್ನು ನೋಡಿದಳು. ಆಮೇಲೆ ಅವನನ್ನು ಅಡುಗೆಮನೆಗೆ ಕರೆದಳು.

"ಅಣ್ಣ, ಹೋದ ಸಲಕ್ಕಿಂತ ಇಳಿದಿದ್ದಾರೆ. ಹೀಗೇ ಇಳೀತಾ ಹೋದ್ರೆ ಉಳಿಸಿಕೊಳ್ಳೋದು ಕಷ್ಟ. ತಿನ್ನೋಕೆ ಏನು ಕೊಡ್ತಿದ್ದೀರಿ?"

ಅವನಿಗೆ ತಡೆಯಲಾಗಲಿಲ್ಲ. "ಇನ್ನೇನು ಕೊಡಲಿ ಅಕ್ಕ? ದಿನಕ್ಕೆ ಎರಡು ಹೊತ್ತು ಸೂಪ್ ಮಾಡ್ತೀನಿ. ನಾನು ಉಪವಾಸ ಇದ್ರೂ ಅವಳಿಗೆ ತಪ್ಪಿಸಿಲ್ಲ. ನನ್ನಿಂದ ಏನು ಕಡಿಮೆ ಆಯ್ತು, ನೀವೇ ಹೇಳಿ."

"ಮಾಡೋದನ್ನ ಒಂದು ಸಲ ನೋಡ್ತೀನಿ."

ಸಂಜೆಯ ಸೂಪ್ ಆಗಲೇ ಒಲೆಯ ಮೇಲಿತ್ತು. ಬೇಳೆ ಅರಳಿತ್ತು, ಕುಂಬಳಕಾಯಿ ಕರಗಿತ್ತು, ಪರಿಮಳ ಬರುತ್ತಿತ್ತು. ತೂಕದಕ್ಕನಿಗೂ ಬಾಯಲ್ಲಿ ನೀರೂರಿತು. ಅವನು ಬೆಂಕಿ ಆರಿಸಿದ. ಗೂಟದಲ್ಲಿ ನೇತಾಡುತ್ತಿದ್ದ ಟೀ ಸೋಸುವ ಬಟ್ಟೆಯನ್ನು ತೆಗೆದು ಪಾತ್ರೆಯನ್ನು ಅದರೊಳಕ್ಕೆ ಬಗ್ಗಿಸಿದ. ಹಬೆ ಕೈ ಸುಟ್ಟರೂ ಬಿಡದೆ ಬಟ್ಟೆಯನ್ನು ಹಿಂಡಿದ. ಲೋಟಕ್ಕೆ ಹೊಂಬಣ್ಣದ ತಿಳಿ ಇಳಿಯಿತು. ಒಂದು ಕಾಳೂ ಇರಲಿಲ್ಲ, ಒಂದು ನಾರೂ ಇರಲಿಲ್ಲ. ಟೀ ಮಾಡಿ ಪಳಗಿದ ಕೈ ಅದು. ಬಟ್ಟೆಯಲ್ಲಿ ಉಳಿದದ್ದು ಚರಟ, ಅದನ್ನು ಚೆಲ್ಲಬೇಕು ಎಂಬುದನ್ನು ಅವನು ಯಾರಿಂದಲೂ ಕೇಳಿ ಕಲಿತವನಲ್ಲ.

ಹಿತ್ತಲ ಬಾಗಿಲು ತೆಗೆದು ಬಟ್ಟೆಯನ್ನು ಕೊಡವಿದ. ಹೊರಗೆ ಬೀದಿ ನಾಯಿಯೊಂದು ಕಾದು ಕೂತಿತ್ತು. ಬೇಳೆ, ಕ್ಯಾರೆಟ್ಟು, ಆಲೂಗಡ್ಡೆ, ಬಿದ್ದದ್ದೆಲ್ಲವನ್ನೂ ನೆಲ ನೆಕ್ಕಿ ಮುಗಿಸಿತು.

ತೂಕದಕ್ಕ ನಾಯಿಯನ್ನೇ ನೋಡುತ್ತ ನಿಂತಳು. ದುಂಡಗಿತ್ತು. ಕೂದಲು ಮಿರಮಿರ ಮಿಂಚುತ್ತಿತ್ತು.

"ಈ ನಾಯಿ ಮೊದಲಿಂದ ಹೀಗೇ ಇತ್ತಾ?"

"ಇಲ್ಲ ಅಕ್ಕ. ಎಲುಬು ಎಣಿಸೋ ಹಾಗಿತ್ತು. ಈಚೆಗೆ..." ಎನ್ನುತ್ತ ಅವನು ಕೈಯಲ್ಲಿದ್ದ ಬಟ್ಟೆಯನ್ನು ನೋಡಿದ.

ತೂಕದಕ್ಕ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ವಾಸಿಯಾಗುತ್ತಿತ್ತು. "ಟೀಗೆ ಅದು ಚರಟ ಅಣ್ಣ. ಇಲ್ಲಿ ಅದೇ ಊಟ. ನೀವು ಲೋಟದಲ್ಲಿ ಕೊಡ್ತಿರೋದು ರುಚಿ ಇರೋ ನೀರು. ಅದರಿಂದ ಹೊಟ್ಟೆ ತುಂಬೋದಿಲ್ಲ," ಎಂದಳು.

ಅವನು ಹೊಸ್ತಿಲ ಮೇಲೆ ಕುಸಿದು ಕೂತ. ಇಷ್ಟು ದಿನ ಯಾರ್ಯಾರನ್ನೋ ದೂರಿದ್ದ. ಕಾಯಿಲೆಯನ್ನು, ಡಾಕ್ಟರನ್ನು, ಹಣೆಬರಹವನ್ನು. ಈಗ ದೂರಲು ತಾನೊಬ್ಬನೇ ಉಳಿದಿದ್ದ. ಹೆಂಡತಿಯನ್ನು ಕೈಯಾರೆ ಉಪವಾಸ ಕೆಡವಿದ್ದ.

ಅವನ ಅಕ್ಕ ಒಳಗಿಂದ ಬಂದಳು. "ಏನಮ್ಮಾ ಇದು? ರೋಗಿಗೆ ಗಟ್ಟಿ ಪದಾರ್ಥ ಕೊಟ್ರೆ ಅರಗುತ್ತಾ? ತೆಳ್ಳಗೇ ಕೊಡಬೇಕು ಅಂತ ನಮಗೂ ಗೊತ್ತು."

"ಮೆತ್ತಗೆ ಕೊಡಬೇಕು ಅಮ್ಮಾ, ತೆಳ್ಳಗೆ ಅಲ್ಲ. ಚೆನ್ನಾಗಿ ಬೇಯಿಸಿ ಹಿಸುಕಿದ್ರೆ ಅಗಿಯೋ ಕಷ್ಟವೇ ಇಲ್ಲ. ಬರೀ ನೀರು ಕುಡಿದು ಇಡೀ ದಿನ ಇರೋಕೆ ನಿಮ್ಮಿಂದ ಆಗುತ್ತಾ?"

ಅಕ್ಕನಲ್ಲಿ ಉತ್ತರವಿರಲಿಲ್ಲ. ಆ ಮನೆಯಲ್ಲಿ ಅದು ಮೊದಲ ಸಲ.

ತೂಕದಕ್ಕ ತಾನೇ ಒಲೆ ಹಚ್ಚಿದಳು. ಒಂದು ಹಿಡಿ ಬೇಳೆ, ಅದರ ಜೊತೆ ಮನೆಯಲ್ಲಿದ್ದ ತರಕಾರಿ ಹೆಚ್ಚಿ ಹಾಕಿ, ಮುಟ್ಟಿದರೆ ಮುರಿಯುವಷ್ಟು ಬೇಯಿಸಿದಳು. ಸೌಟಿನ ಬೆನ್ನಿನಿಂದ ಪಾತ್ರೆಯಲ್ಲೇ ಹಿಸುಕಿದಳು. ಕುದಿಯುತ್ತಿರುವಾಗ ಒಂದು ಮೊಟ್ಟೆ ಒಡೆದು ಕಲಕಿ, ಅದು ಪೂರ್ತಿ ಬೇಯುವವರೆಗೆ ಬಿಟ್ಟಳು. ಒಂದು ಚಮಚ ಎಣ್ಣೆ, ಚಿಟಿಕೆ ಉಪ್ಪು. ಬಾಯಿ ಹುಣ್ಣಿಗೆ ಉರಿಯಬಾರದೆಂದು ಖಾರ ಮುಟ್ಟಲಿಲ್ಲ. ಸೌಟಿನಿಂದ ಎತ್ತಿ ಬಿಟ್ಟರೆ ನಿಧಾನವಾಗಿ ಬೀಳುವಷ್ಟು ಮಂದವಾಗಿತ್ತು.

"ಅಣ್ಣ, ಬಹಳ ದಿನ ಸರಿಯಾಗಿ ತಿನ್ನದ ಹೊಟ್ಟೆ. ಒಂದೇ ಸಲ ತುಂಬಿಸಬೇಡಿ. ಸ್ವಲ್ಪ ಸ್ವಲ್ಪ, ಆಗಾಗ ಕೊಡಿ. ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಹೋಗೋಣ, ತೂಕ ಇಷ್ಟು ಇಳಿದಿದೆ ಅಂತ ಡಾಕ್ಟರಿಗೆ ಹೇಳಲೇಬೇಕು."

"ಉಳೀತಾಳಾ ಅಕ್ಕ?"

ತೂಕದಕ್ಕ ಸುಳ್ಳು ಹೇಳಲಿಲ್ಲ. "ಗೊತ್ತಿಲ್ಲ. ತಡ ಆಗಿದೆ. ಪೂರ್ತಿ ತಡ ಆಗಿದೆಯಾ ಅನ್ನೋದನ್ನ ಡಾಕ್ಟರೇ ಹೇಳಬೇಕು."

ಅವನು ಬಟ್ಟಲು ಹಿಡಿದು ಹೆಂಡತಿಯ ಬಳಿ ಕೂತ. ಚಮಚ ಚಮಚವಾಗಿ ತಿನ್ನಿಸಿದ. ಅವಳು ನಡುನಡುವೆ ಕಣ್ಣು ಮುಚ್ಚಿ ಸುಧಾರಿಸಿಕೊಂಡು ಮತ್ತೆ ಬಾಯಿ ತೆರೆಯುತ್ತಿದ್ದಳು. ಬಟ್ಟಲು ಖಾಲಿಯಾಯಿತು. ಅವಳು ಅದರೊಳಗೆ ಇಣುಕಿ ನೋಡಿದಳು.

"ಇನ್ನೊಂಚೂರು ಇದ್ಯಾ?"

ಅವನು ಬಟ್ಟಲು ಕೆಳಗಿಟ್ಟ. "ಹಸಿವಾಗ್ತಿತ್ತೇನೇ ನಿಂಗೆ?"

ಅವಳು ತಪ್ಪು ಮಾಡಿದವಳ ಹಾಗೆ ಮೆಲ್ಲಗೆ, "ಆಗ್ತಿತ್ತು ರೀ," ಎಂದಳು.

"ಯಾವಾಗಿಂದ?"

"ದಿನಾನೂ. ನೀವು ಸಾಕಾ ಅಂತ ಕೇಳ್ತಿದ್ರಿ. ಅಂಗಡಿಯಲ್ಲಿ ನಿಂತು ನಿಂತು ಸೋತು ಬಂದು, ಕೈ ಸುಟ್ಟುಕೊಂಡು ಮಾಡಿ ತರ್ತಿದ್ರಿ. ಸಾಲದು ಅಂತ ಯಾವ ಬಾಯಲ್ಲಿ ಹೇಳಲಿ?"

ಅಕ್ಕ ಬಾಗಿಲಲ್ಲಿ ನಿಂತು ಇದನ್ನು ಕೇಳಿಸಿಕೊಂಡಳು. ಒಳಗೆ ಹೋಗಿ, ಮುಂದಿನ ಹೊತ್ತಿಗೆ ಬೇಕಾದ ಬೇಳೆ ಆರಿಸಲು ಕೂತಳು.

ಇದನ್ನು ಓದುತ್ತಿರುವ ತಾಯಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಅಗಿಯಲಾಗದ ರೋಗಿ ಇರಬಹುದು, ಹಲ್ಲಿಲ್ಲದ ಹಿರಿಯರು ಇರಬಹುದು. ಸೂಪ್ ಮಾಡುವುದು ಕಷ್ಟವಲ್ಲ. ಒಂದೇ ಪಾತ್ರೆ ಸಾಕು. ಬೇಳೆಯೋ ಕಾಳೋ ಮೊಟ್ಟೆಯೋ, ಕೈಗೆ ಸಿಕ್ಕ ತರಕಾರಿಯೋ ಹಾಕಿ ಮೆತ್ತಗೆ ಬೇಯಿಸಿ ಹಿಸುಕಿ. ಸೋಸಬೇಡಿ. ನುಂಗುವಾಗ ಕೆಮ್ಮು ಬರುವವರಿಗೆ, ಸಕ್ಕರೆ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರಿಗೆ ಏನು ಕೊಡಬೇಕೆಂದು ಡಾಕ್ಟರನ್ನು ಕೇಳಿ. ತೂಕ ಇಳಿಯುತ್ತಿದ್ದರೆ ಹಣೆಬರಹ ಎಂದು ಕೂರದೆ ಅಂದೇ ಆಸ್ಪತ್ರೆಗೆ ಹೋಗಿ.

ಇನ್ನೊಂದು ಮಾತು. ಹಾಸಿಗೆಯಲ್ಲಿರುವವರನ್ನು ಸಾಕಾ ಎಂದು ಕೇಳಬೇಡಿ. ನಿಮ್ಮ ಮುಖ ನೋಡಿ ಸಾಕು ಎಂದುಬಿಡುತ್ತಾರೆ. ಇನ್ನೂ ಹಸಿವಿದೆಯಾ ಎಂದು ಕೇಳಿ, ಅವರು ಬಾಯಿ ಬಿಡುವವರೆಗೆ ಪಕ್ಕದಲ್ಲೇ ಕೂತಿರಿ.